ಸತ್ತ ಯೋಧನ ಹೆಸರಿನಲ್ಲಿ ಎತ್ತಿದ ಕೈ

ಗಡಿಯಲ್ಲಿ ಪ್ರಾಣ ಬಿಟ್ಟ ಸೈನಿಕನ ಬಗ್ಗೆ ಯಾರಾದರೂ ನಾಲಿಗೆ ಹರಿಬಿಟ್ಟಾಗ ಮೈ ಉರಿಯುವುದು ಸಹಜ. ಉರಿಯದಿದ್ದರೆ ಅದೇ ಯೋಚಿಸಬೇಕಾದ ಸಂಗತಿ. ಆ ಉರಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಮುಂದಿನ ಹೆಜ್ಜೆಯ ಬಗ್ಗೆ, ಅಂದರೆ ಮಾತಾಡಿದವನ ಕೆನ್ನೆಗೋ ಕೊರಳಪಟ್ಟಿಗೋ, ಕೆಲವೊಮ್ಮೆ ಪ್ರಾಣಕ್ಕೋ ಹೋಗುವ ಕೈಯ ಬಗ್ಗೆ. ಆ ಕೈ ಮಾಡಿದ್ದು ಸರಿ ಎಂದು ವಾದಿಸುವವರು ನಮ್ಮ ಊರಿನಲ್ಲೂ ಇದ್ದಾರೆ, ಅವರಲ್ಲಿ ಕೆಲವರು ನನ್ನ ಹತ್ತಿರದ ಸ್ನೇಹಿತರು, ಅವರ ವಾದವನ್ನು ತಳ್ಳಿಹಾಕುವುದು ನಾನು ಅಂದುಕೊಂಡಷ್ಟು ಸುಲಭವೂ ಅಲ್ಲ. ಅವರೊಂದಿಗೆ ಎಷ್ಟೋ ಸಂಜೆ ಮಾತಾಡಿದ ಮೇಲೆ ನನ್ನಲ್ಲಿ ಗಟ್ಟಿಯಾಗಿ ನಿಂತ ಕೆಲವು ವಿಚಾರಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಬದಿಯ ಒಂದು ಮಿರ್ಚಿ-ಮಂಡಕ್ಕಿ ಅಂಗಡಿಯಲ್ಲಿ ನಾನು ಕಣ್ಣಾರೆ ಕಂಡ ಒಂದು ಪ್ರಸಂಗವಿದೆ. ಎಣ್ಣೆ ಬಾಣಲೆಯ ಮೇಲುಭಾಗದಲ್ಲಿ, ಹೊಗೆ ಹಿಡಿದು ಕಪ್ಪಾದ ಗೋಡೆಗೆ ಒಂದು ಸಣ್ಣ ಟಿ.ವಿ. ಇಟ್ಟಿದ್ದರು, ಅದರಲ್ಲಿ ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆಯನ್ನು ವಿಮಾನದಿಂದ ಇಳಿಸುವ ದೃಶ್ಯ ಬರುತ್ತಿತ್ತು. ಖಾರ ಮಂಡಕ್ಕಿಯ ಪೊಟ್ಟಣ ಕೈಯಲ್ಲಿ ಹಿಡಿದಿದ್ದ ಐವತ್ತರ ಆಸುಪಾಸಿನ ಒಬ್ಬರು ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಕೇಳುವ ಹಾಗೆ, "ಸಂಬ್ಳ ತಗಂಡೇ ಹೋಗಿದ್ನಲ್ಲ ಬಿಡ್ರಿ, ಪುಗಸಟ್ಟೆ ಏನ್ ಹೋಗಿದ್ನಾ" ಎಂದರು. ಪಕ್ಕದಲ್ಲಿದ್ದ ಹುಡುಗನೊಬ್ಬ ತಿರುಗಿದವನೇ ಅವರ ಕೆನ್ನೆಗೆ ಬಾರಿಸಿದ. ಪೊಟ್ಟಣ ಬಿದ್ದು ಮಂಡಕ್ಕಿ ಎಲ್ಲರ ಕಾಲ ಕೆಳಗೆ ಹರಡಿತು. ಮಿರ್ಚಿ ಕರಿಯುತ್ತಿದ್ದವನು ಸೌಟು ಹಿಡಿದೇ ಕೈ ಅಡ್ಡ ಮಾಡಿ, "ಏ ಬ್ಯಾಡ್ರಪ, ಅಂಗ್ಡಿ ಮುಂದ ಬ್ಯಾಡ" ಎಂದು ಕೂಗಿದ. ಏಟು ತಿಂದವರು ಏನೂ ಹೇಳದೆ ಬೈಕು ಹತ್ತಿ ಹೋದರು. ಹುಡುಗನಿಗೆ ಯಾರೋ ಚಹಾ ಕೊಡಿಸಿದರು. ಸುತ್ತಲಿದ್ದವರಲ್ಲಿ ಹೆಚ್ಚಿನವರ ಮುಖದಲ್ಲಿ ಒಂದು ಕೆಲಸ ಮುಗಿದ ಸಮಾಧಾನವಿತ್ತು.

ಆ ಸಮಾಧಾನ ಇಳಿಯುವ ಮೊದಲೇ ನಾನು ಅಲ್ಲಿದ್ದ ಇಬ್ಬರು ಮೂವರನ್ನು ಕೇಳಿದೆ: ತೀರಿಕೊಂಡ ಸೈನಿಕ ಯಾವ ಊರಿನವನು? ಒಬ್ಬರಿಗೂ ಗೊತ್ತಿರಲಿಲ್ಲ. ಹೊಡೆದ ಹುಡುಗನಿಗೂ ಗೊತ್ತಿರಲಿಲ್ಲ. ಟಿ.ವಿ.ಯಲ್ಲಿ ಅಷ್ಟರಲ್ಲಿ ಚಿನ್ನದ ಸಾಲದ ಜಾಹೀರಾತು ಬಂದಿತ್ತು, ಯಾರೂ ಆ ಕಡೆ ನೋಡುತ್ತಿರಲಿಲ್ಲ. ಮರುದಿನ ಆ ಬೀದಿಯಲ್ಲಿ ಹುಡುಗನ ಹೆಸರು ಎಲ್ಲರ ಬಾಯಲ್ಲೂ ಇತ್ತು, ಸೈನಿಕನ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಆತನ ಮರ್ಯಾದೆ ಉಳಿಸಲೆಂದೇ ಬಿದ್ದ ಏಟು ಆತನನ್ನೇ ಆ ಸಂಜೆಯ ಮಾತುಕತೆಯಿಂದ ಹೊರಗೆ ಕಳಿಸಿತ್ತು. ಇಂಥ ಹೊಡೆದಾಟಗಳ ಬಗ್ಗೆ ಓದಿದಾಗಲೆಲ್ಲ ನನಗೆ ಮೊದಲು ಕಾಣುವುದು ಈ ಅದಲುಬದಲು.

ಅವಮಾನದ ಮಾತು ಎಂದು ಒಂದೇ ಗಂಟಿನಲ್ಲಿ ಕಟ್ಟುವುದರಲ್ಲಿ ಒಂದಕ್ಕೊಂದು ಬೆರೆಯದ ಹಲವು ಬೇರೆ ಬೇರೆ ಮಾತುಗಳಿರುತ್ತವೆ. ಸತ್ತಿದ್ದಕ್ಕೆ ಸಂತೋಷಪಡುವ ಮಾತು ಒಂದು. ಅದು ಅಸಹ್ಯ, ಅದರ ಬಗ್ಗೆ ಎರಡು ಅಭಿಪ್ರಾಯ ಬೇಕಿಲ್ಲ. ಸೈನಿಕನ ಹೆಂಡತಿಯ ಬಗ್ಗೆ ಕೀಳಾಗಿ ಆಡುವುದು ಇನ್ನೊಂದು, ಅದು ಅದಕ್ಕಿಂತಲೂ ಕೆಳಗಿನದು. "ಸಂಬಳಕ್ಕೆ ಹೋದವನು" ಎಂಬುದು ಒರಟುತನ, ಅದರ ಹಿಂದೆ ಎಷ್ಟೋ ಸಲ ದ್ವೇಷಕ್ಕಿಂತ ಉಡಾಫೆ ಇರುತ್ತದೆ. ಆದರೆ 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿ.ಆರ್.ಪಿ.ಎಫ್.ನ 40 ಮಂದಿ ಪ್ರಾಣ ಕಳೆದುಕೊಂಡಾಗ, ಅವರಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಗುರು ಕೂಡ ಇದ್ದರೆಂದು ಇಡೀ ರಾಜ್ಯ ಕಣ್ಣೀರಿಟ್ಟಾಗ, "ಅಷ್ಟು ಸ್ಫೋಟಕ ತುಂಬಿದ ವಾಹನ ಆ ಹೆದ್ದಾರಿಗೆ ಹೇಗೆ ಬಂತು" ಎಂದು ಕೇಳಿದವರಿಗೂ ಸೈನಿಕರನ್ನು ಅವಮಾನಿಸಿದ ಪಟ್ಟವೇ ಸಿಕ್ಕಿತು. ಆ ಪ್ರಶ್ನೆಯನ್ನು ಸತ್ತವರ ಮನೆಯವರೂ ಕೇಳುತ್ತಿದ್ದರು. ಮಾತು ಕೇಳಿ ಉತ್ತರ ಕೊಡುವವನು ಈ ವ್ಯತ್ಯಾಸಗಳನ್ನು ಗಮನಿಸಬೇಕಾಗುತ್ತದೆ. ಕೈ ಎತ್ತುವವನಿಗೆ ಆ ಕಷ್ಟವಿಲ್ಲ, ಪ್ರಶ್ನೆ ಕೇಳಿದವನಿಗೂ ಕೇಕೆ ಹಾಕಿದವನಿಗೂ ಬೀಳುವ ಏಟು ಒಂದೇ.

ಕಾನೂನಿನಲ್ಲಿ ಇದಕ್ಕೆ ಏನಿದೆ ಎಂದು ನೋಡಲು ಹೋದಾಗ ನಾನು ನಿರೀಕ್ಷಿಸದಿದ್ದ ಒಂದು ತಿಳಿವಳಿಕೆ ಅಲ್ಲಿ ಕಂಡಿತು. ಕಾನೂನು ಎಂದರೆ "ಮಾತು ಮಾತೇ, ಏಟು ಏಟೇ" ಎನ್ನುವ ಮರದ ಗೊಂಬೆ ಎಂದು ನನ್ನ ಸ್ನೇಹಿತರ ನಂಬಿಕೆ, ಆದರೆ ಅದು ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 352ನೇ ಕಲಮಿನ ಪ್ರಕಾರ, ಶಾಂತಿ ಕದಡಲೆಂದೇ ಅಥವಾ ಕದಡಬಹುದೆಂದು ತಿಳಿದೂ ಒಬ್ಬನನ್ನು ಬೇಕೆಂದು ಅವಮಾನಿಸಿ ಕೆರಳಿಸಿದವನಿಗೆ 2 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಹಳೆಯ ದಂಡ ಸಂಹಿತೆಯಲ್ಲಿ ಇದೇ 504ನೇ ಕಲಮಾಗಿತ್ತು. ಇತ್ತ, ಎದುರಿನವನು ಕೊಟ್ಟ ಗಂಭೀರ ಹಾಗೂ ಹಠಾತ್ ಪ್ರಚೋದನೆಯಿಂದ ಅವನ ಮೇಲೆ ಕೈ ಮಾಡಿದವನಿಗೆ 136ನೇ ಕಲಮಿನ ಅಡಿಯಲ್ಲಿ ಹೆಚ್ಚೆಂದರೆ 1 ತಿಂಗಳ ಸಾದಾ ಸೆರೆವಾಸ, ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಏಟಿನಿಂದ ನೋವಾಗಿದ್ದರೆ 122ನೇ ಕಲಮು ಬರುತ್ತದೆ, ಅಲ್ಲಿಯೂ ಸೆರೆವಾಸದ ಮಿತಿ 1 ತಿಂಗಳೇ. ಅಂಥ ಪ್ರಚೋದನೆ ಇಲ್ಲದೆ ಇನ್ನೊಬ್ಬನಿಗೆ ನೋವುಂಟುಮಾಡಿದರೆ 1 ವರ್ಷದವರೆಗೆ ಒಳಗಿರಬೇಕಾಗಬಹುದು. ಅಂದರೆ ಕೆರಳಿಸಲೆಂದೇ ಆಡಿದ ಮಾತಿಗೆ ಕಾನೂನು ಇಟ್ಟಿರುವ ಗರಿಷ್ಠ ಶಿಕ್ಷೆ, ಆ ಮಾತಿಗೆ ಕೆರಳಿ ಆ ಕ್ಷಣದಲ್ಲೇ ಕೊಟ್ಟ ಏಟಿನ ಗರಿಷ್ಠ ಶಿಕ್ಷೆಗಿಂತ ಎಷ್ಟೋ ಪಟ್ಟು ಹೆಚ್ಚು. ಮನುಷ್ಯನಿಗೆ ಸಿಟ್ಟು ಬರುತ್ತದೆ ಎಂಬುದನ್ನು ಈ ಕಲಮು ಬರೆದವರು ಬಲ್ಲವರೇ. ಆದರೆ ಅವರು ಶಿಕ್ಷೆಯನ್ನು ಇಳಿಸಿದರೇ ಹೊರತು ಅಳಿಸಲಿಲ್ಲ.

ಸತ್ತವರನ್ನೂ ಕಾನೂನು ಮರೆತಿಲ್ಲ. ಮಾನನಷ್ಟದ 356ನೇ ಕಲಮಿನ ಮೊದಲ ವಿವರಣೆಯಲ್ಲೇ ಇದೆ: ಬದುಕಿದ್ದರೆ ಅವರ ಹೆಸರಿಗೆ ಕುಂದು ತರುವಂಥ ಆರೋಪವನ್ನು ಸತ್ತ ವ್ಯಕ್ತಿಯ ಮೇಲೆ ಹೊರಿಸಿ, ಅದರಿಂದ ಅವರ ಕುಟುಂಬದವರ ಅಥವಾ ಹತ್ತಿರದ ಬಂಧುಗಳ ಮನಸ್ಸು ನೋಯಲಿ ಎಂಬ ಉದ್ದೇಶವಿದ್ದರೆ ಅದೂ ಮಾನನಷ್ಟವಾಗಬಹುದು. ಇಲ್ಲಿ ನೋವಿನ ವಾರಸುದಾರರು ಯಾರು ಎಂಬುದನ್ನೂ ಕಾನೂನು ಹೇಳಿಬಿಟ್ಟಿದೆ. ಮನೆಯವರು, ಹತ್ತಿರದವರು. ಮಿರ್ಚಿ ಅಂಗಡಿಯ ಮುಂದೆ ನಿಂತ ನಾವು ಆ ಸಾಲಿನಲ್ಲಿ ಇಲ್ಲ. ನಮಗೆ ನೋವಾಗಿಲ್ಲ ಎಂದು ಇದರ ಅರ್ಥವಲ್ಲ, ಆದರೆ ಅವರ ನೋವಿನ ಲೆಕ್ಕವನ್ನು ಅವರನ್ನು ಕೇಳದೆ ನಾವು ಚುಕ್ತಾ ಮಾಡಲು ಬರುವುದಿಲ್ಲ.

ಶಿಕ್ಷೆಯನ್ನು ಇಳಿಸುವಂಥ ಹಠಾತ್ ಪ್ರಚೋದನೆ ಬರೀ ಮಾತಿನಿಂದಲೂ ಆಗಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1961ರಲ್ಲೇ ಆಗಬಹುದು ಎಂದಿದೆ. ಹಾಗೆ ಹೇಳಿದ್ದು ನೌಕಾಪಡೆಯ ಕಮಾಂಡರ್ ಕೆ.ಎಂ. ನಾನಾವತಿಯವರ ಪ್ರಕರಣದಲ್ಲಿ. ಅವರು 1959ರ ಏಪ್ರಿಲ್ 27ರಂದು ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದಿದ್ದರು. ಭಾರತದಲ್ಲಿ ಮಾತು, ಸನ್ನೆಗಳೂ ಕೆಲವು ಸಂದರ್ಭಗಳಲ್ಲಿ ಗಂಭೀರ ಮತ್ತು ಹಠಾತ್ ಪ್ರಚೋದನೆ ಎನಿಸಬಹುದು ಎಂದು ಒಪ್ಪಿದ ನ್ಯಾಯಾಲಯವೇ ಅವರ ವಾದವನ್ನು ತಳ್ಳಿಹಾಕಿ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಹೆಂಡತಿಯ ಬಾಯಿಂದ ವಿಷಯ ತಿಳಿದದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಸುಮಾರು 3 ಗಂಟೆ ಕಳೆದಿತ್ತು; ಆ ಹೊತ್ತಿನಲ್ಲಿ ಅವರು ಮನೆಯವರನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ಪಡೆದು ಬಂದಿದ್ದರು. ಸಿಟ್ಟು ಆರುವಷ್ಟು ಸಮಯ ಸಿಕ್ಕಿದ ಮೇಲೆ ಮಾಡಿದ ಕೃತ್ಯಕ್ಕೆ ಸಿಟ್ಟಿನ ನೆಪ ಸಲ್ಲದು ಎಂಬುದು ಅಲ್ಲಿನ ತೀರ್ಮಾನ. ಆಮೇಲೆ 1964ರಲ್ಲಿ ಅವರಿಗೆ ಕ್ಷಮಾದಾನ ಸಿಕ್ಕಿತು, ಅದು ಬೇರೆ ಕಥೆ.

ಈ ಮೂರು ಗಂಟೆಯ ಮಾತನ್ನು ಯಾಕೆ ಎತ್ತಿದೆನೆಂದರೆ, ನಮ್ಮ ಕಾಲದಲ್ಲಿ ಸೈನಿಕರ ಹೆಸರಿನಲ್ಲಿ ನಡೆಯುವ ಹೆಚ್ಚಿನ ಹಲ್ಲೆಗಳಲ್ಲಿ ಹಠಾತ್ ಎನ್ನುವುದು ಏನೂ ಇರುವುದಿಲ್ಲ. ಮೊಬೈಲಿನಲ್ಲಿ ಯಾರೋ ಬರೆದದ್ದು ಕಣ್ಣಿಗೆ ಬೀಳುತ್ತದೆ. ಅದರ ಸ್ಕ್ರೀನ್‌ಶಾಟ್ ಹತ್ತು ವಾಟ್ಸ್ಯಾಪ್ ಗುಂಪುಗಳಿಗೆ ಹೋಗುತ್ತದೆ. ಬರೆದವನ ಕಾಲೇಜು, ಕಚೇರಿ, ಮನೆ ಪತ್ತೆಯಾಗುತ್ತದೆ. ನಾಲ್ಕೈದು ಬೈಕುಗಳಲ್ಲಿ ಜನ ಹೊರಡುತ್ತಾರೆ, ದಾರಿಯಲ್ಲಿ ಪೆಟ್ರೋಲ್ ಹಾಕಿಸುತ್ತಾರೆ. ಕಾನೂನು ಇದನ್ನೂ ಮೊದಲೇ ಊಹಿಸಿದಂತೆ, ಹೊಡೆಯಲು ನೆಪ ಬೇಕೆಂದು ತಾನೇ ಹುಡುಕಿಕೊಂಡು ಹೋದ ಪ್ರಚೋದನೆಯಿಂದ ಶಿಕ್ಷೆ ಕಡಿಮೆಯಾಗದು ಎಂದು ಬರೆದಿಟ್ಟಿದೆ. ಪುಲ್ವಾಮಾ ಘಟನೆಯ ನಂತರ, 2019ರ ಮಾರ್ಚ್‌ನಲ್ಲಿ ವಿಜಯಪುರದ ಕಾಲೇಜೊಂದರ ಬೋಧಕರನ್ನು ಅವರ ಫೇಸ್‌ಬುಕ್ ಬರಹಕ್ಕಾಗಿ ಗುಂಪಿನ ಮುಂದೆ ಮಂಡಿಯೂರಿಸಿ ಕ್ಷಮೆ ಕೇಳಿಸಿದ್ದು ನೆನಪಿರಬಹುದು. ಅಲ್ಲಿ ಏಟು ಬೀಳಲಿಲ್ಲ ಎಂದು ವಾದಿಸುವವರಿದ್ದಾರೆ. ಪಾಠ ಹೇಳುವವನನ್ನು ಪಾಠ ಕೇಳುವವರ ಎದುರು ಮಂಡಿಯೂರಿಸಲು ಏಟು ಬೇಕಿಲ್ಲ, ಬೀಳಬಹುದು ಎಂಬ ಭಯ ಸಾಕು.

ಇನ್ನೂ ಕತ್ತಲಿನ ಪ್ರಕರಣ ಮಂಗಳೂರಿನ ಹೊರವಲಯದ ಕುಡುಪುವಿನದು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯ ಹತ್ಯೆಯಾಗಿ, ದೇಶವೆಲ್ಲ ಕುದಿಯುತ್ತಿದ್ದ ದಿನಗಳು. ಏಪ್ರಿಲ್ 27ರಂದು ಅಲ್ಲಿನ ಕ್ರಿಕೆಟ್ ಮೈದಾನವೊಂದರ ಬಳಿ ಕೇರಳ ಮೂಲದ ಒಬ್ಬ ವ್ಯಕ್ತಿಯನ್ನು ಗುಂಪು ಹೊಡೆದು ಕೊಂದಿತು. ಮೊದಲಿಗೆ ಅಸಹಜ ಸಾವು ಎಂದು ದಾಖಲಾಗಿದ್ದ ಪ್ರಕರಣ ಮುಂದೆ ಗುಂಪುಹತ್ಯೆಯಾಯಿತು, ಹಲವರ ಬಂಧನವಾಯಿತು, ಕರ್ತವ್ಯಲೋಪದ ಕಾರಣಕ್ಕೆ ಪೊಲೀಸರ ಅಮಾನತು ಆಯಿತು. ಅವನು ಪಾಕಿಸ್ತಾನದ ಪರ ಘೋಷಣೆ ಕೂಗಿದ ಎಂಬುದು ಹೊಡೆದವರ ಕಡೆಯಿಂದ ಬಂದ ಮಾತು. ಮನೆಯವರು ಅವನು ಮಾನಸಿಕ ಅಸ್ವಸ್ಥನಾಗಿದ್ದ ಎಂದರು. ಅವನು ನಿಜವಾಗಿ ಏನು ಹೇಳಿದ, ಏನಾದರೂ ಹೇಳಿದನೇ ಎಂಬುದನ್ನು ಹೇಳಬಲ್ಲವನು ಅವನೊಬ್ಬನೇ ಆಗಿದ್ದ. ಮಾತಿಗೆ ಏಟಿನ ಉತ್ತರ ಸರಿ ಎನ್ನುವವರು ಎದುರಿಸಲೇಬೇಕಾದ ತೊಡಕು ಇದು: ಏಟು ಬಲವಾದಷ್ಟೂ ಮಾತಿನ ಸಾಕ್ಷ್ಯ ಹೊಡೆದವರ ಬಾಯಲ್ಲಿ ಮಾತ್ರ ಉಳಿಯುತ್ತದೆ. ಮೊದಲು ಹೊಡೆದು, ಆಮೇಲೆ ಕಾರಣ ಹೊಂದಿಸುವವನಿಗೆ "ಸೈನಿಕರಿಗೆ ಬೈದ" ಎನ್ನುವುದಕ್ಕಿಂತ ಸುಲಭವಾದ ರಕ್ಷಣೆ ಇನ್ನೊಂದಿಲ್ಲ, ಯಾಕೆಂದರೆ ಅದನ್ನು ಕೇಳಿದವರು ಹೊಡೆತದ ಬಗ್ಗೆ ಮುಂದಿನ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ.

ಈಗ ನನ್ನ ಸ್ನೇಹಿತರ ವಾದದಲ್ಲಿ ಗಟ್ಟಿ ಇರುವ ಭಾಗಕ್ಕೆ ಬರುತ್ತೇನೆ. ಅವರಲ್ಲಿ ಒಬ್ಬರು, ಇತಿಹಾಸ ಓದಿಕೊಂಡವರು, ಹೀಗೆನ್ನುತ್ತಾರೆ: "ನಮ್ಮದು ವೀರಗಲ್ಲುಗಳ ಸೀಮೆ ಕಣ್ರೀ. ಸತ್ತ ವೀರನನ್ನು ಆಡಿಕೊಂಡರೆ ಸುಮ್ಮನಿರುವ ಊರು ಮುಂದೆ ವೀರರನ್ನು ಹುಟ್ಟಿಸುವುದಿಲ್ಲ." 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಭಾಗವಾಗಿತ್ತು; ಆ ಹಳೆಯ ಜಿಲ್ಲೆಯ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಪಕ್ಕದಲ್ಲಿ, ಎಷ್ಟೋ ಕಡೆ ಕಣದ ಬದಿಯಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗಿನ ಹಂತದಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಸತ್ತವನ ಗೌರವ ಊರಿನ ಗೌರವ ಎಂದು ಆ ಜನ ನಂಬಿದ್ದರು ಎನ್ನುವುದರಲ್ಲಿ ಸಂಶಯವಿಲ್ಲ. ನಾನೂ ನಂಬುತ್ತೇನೆ.

ಆದರೆ ಆ ಗೌರವಕ್ಕಾಗಿ ಅವರು ಏನು ಮಾಡಿದರು ಎಂದು ಶಾಸನಗಳನ್ನು ನೋಡಿದರೆ, ಕಲ್ಲು ನಿಲ್ಲಿಸಿದರು ಮತ್ತು ಭೂಮಿ ಕೊಟ್ಟರು. ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಆ ಭೂಮಿಗೆ ನೆತ್ತರುಗೊಡಗೆ ಎನ್ನುತ್ತಿದ್ದರು. ತುರುಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಮಕ್ಕಳು ಉಣ್ಣಬೇಕಲ್ಲ ಎಂಬ ಯೋಚನೆ ಅದರ ಹಿಂದಿತ್ತು. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪವನ್ನೂ ಗಮನಿಸಬೇಕು: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟಲಿ ಎಂದು ಬರೆಸುತ್ತಿದ್ದರು. ಶಾಪ ಬೀಳುವುದು ಕೊಟ್ಟದ್ದನ್ನು ಕಿತ್ತುಕೊಂಡವನ ಮೇಲೆ. ವೀರರ ಸೀಮೆ ಎಂದು ಎದೆ ತಟ್ಟಿಕೊಳ್ಳುವಾಗ ನಾವು ಮೇಲಿನ ಕೆತ್ತನೆಯನ್ನು ನೋಡುತ್ತೇವೆ, ಕೆಳಗಿನ ಬರಹವನ್ನು ಓದುವುದಿಲ್ಲ.

ಕೊಟ್ಟದ್ದನ್ನು ಕಿತ್ತುಕೊಳ್ಳುವುದು, ಕೊಡುತ್ತೇವೆಂದು ಹೇಳಿ ಕೊಡದಿರುವುದು ಇವತ್ತಿಗೂ ನಡೆದೇ ಇದೆ. ಅಂತ್ಯಕ್ರಿಯೆಯ ದಿನ ಮೈಕಿನ ಮುಂದೆ ಘೋಷಣೆಯಾದ ನಿವೇಶನ, ಕೆಲಸ, ಶಾಲೆಗೆ ಹೆಸರು, ಸ್ಮಾರಕ ಇವುಗಳ ಬೆನ್ನು ಹತ್ತಿ ಸೈನಿಕರ ತಂದೆತಾಯಿಗಳು ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ಕಂಡಿದ್ದೇನೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮರಣ ಪ್ರಮಾಣಪತ್ರದ ಜೆರಾಕ್ಸು, ಮಗನ ಸಮವಸ್ತ್ರದ ಫೋಟೊ. "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರೆ, ನಾಳೆ ಬಾರಜ್ಜ" ಎಂಬ ಉತ್ತರ. ಆ ಗುಮಾಸ್ತನ ಕೆನ್ನೆಗೆ ಯಾರೂ ಬಾರಿಸುವುದಿಲ್ಲ, ಬಾರಿಸಲೂ ಬಾರದು. ಆದರೆ ಆ ಮಾತನ್ನು ಅವಮಾನದ ಪಟ್ಟಿಗೆ ಸೇರಿಸಲು ಕೂಡ ನಮಗೆ ಹೊಳೆಯುವುದಿಲ್ಲ. ನಮ್ಮ ಕಡೆ ಮೆಕ್ಕೆಜೋಳದ ಕಾಲದಲ್ಲಿ ರಸ್ತೆ ಬದಿಯ ರಾಶಿಗಳಿಗೆ ಹಳೆಯ ಫ್ಲೆಕ್ಸ್ ಹೊದಿಸುತ್ತಾರೆ. ಅಂಥ ಒಂದು ರಾಶಿಯ ಮೇಲೆ "ವೀರಯೋಧನಿಗೆ ಭಾವಪೂರ್ಣ ಶ್ರದ್ಧಾಂಜಲಿ" ಎಂಬ ಫ್ಲೆಕ್ಸ್ ಅಡಿಮೇಲಾಗಿ ಬಿದ್ದಿದ್ದನ್ನು ನೋಡಿದ್ದೇನೆ. ಸೈನಿಕನ ಮುಖ ಒಂದು ಮೂಲೆಯಲ್ಲಿತ್ತು, ಅದಕ್ಕಿಂತ ದೊಡ್ಡದಾಗಿ ಶುಭ ಕೋರುವವರ ಭಂಗಿಯಲ್ಲೇ ನಿಂತ ಹತ್ತು ಹನ್ನೆರಡು ಪ್ರಾಯೋಜಕರಿದ್ದರು. ಹೊದಿಸಿದ ರೈತನದು ತಪ್ಪಿಲ್ಲ, ಮಳೆ ಬರುವ ಹಾಗಿತ್ತು. ಆ ಫ್ಲೆಕ್ಸ್ ಮಾಡಿಸಿದವರೇ ಸಂಬಳದ ಮಾತಾಡಿದವನಿಗೆ ಹೊಡೆಯಲು ಮೊದಲು ಹೊರಡುವವರು ಎಂದರೆ ಯಾರಿಗೂ ಆಶ್ಚರ್ಯವಾಗದು.

ಇನ್ನು ಸೈನಿಕರು ಸ್ವತಃ ಇದರ ಬಗ್ಗೆ ಏನೆನ್ನುತ್ತಾರೆ ಎಂಬುದು ಈ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆ. ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ, ನಾವೆಲ್ಲ ಅವರನ್ನು ಮಿಲ್ಟ್ರಿ ಕಾಕಾ ಎನ್ನುತ್ತೇವೆ. ಮಿರ್ಚಿ ಅಂಗಡಿಯ ಸುದ್ದಿ ಹೇಳಿದಾಗ ಅವರಿಗೆ ಸಿಟ್ಟು ಬಂದದ್ದು ಹುಡುಗನ ಮೇಲೆ. "ನಮಗ ಕೈಯಾಗ ಬಂದೂಕ ಕೊಟ್ಟಿದ್ರು ಕಣಪ್ಪ, ಅದನ್ನ ಎತ್ತಾಕ ಹುಕುಂ ಬೇಕಾಗಿತ್ತು. ಅವ್ನಿಗೆ ಯಾರ್ ಹುಕುಂ ಕೊಟ್ರು?" ಎಂದರು. ಅವರ ಮಾತಿನಲ್ಲಿ ಇಡೀ ವಿಷಯದ ತಿರುಳಿದೆ ಎಂದು ನನಗೆ ತೋರುತ್ತದೆ. ಸೈನಿಕನನ್ನು ಬೀದಿ ಕಾಳಗದವನಿಂದ ಬೇರೆ ಮಾಡುವುದು ಅವನ ಬಲವಲ್ಲ, ಆ ಬಲದ ಮೇಲಿರುವ ಕಟ್ಟು. ಆಜ್ಞೆಯಿಲ್ಲದೆ, ಅಗತ್ಯಕ್ಕಿಂತ ಹೆಚ್ಚಾಗಿ ಬಲ ಬಳಸಿದ ಸೈನಿಕನನ್ನು ಅವನ ಸೇನೆಯೇ ವಿಚಾರಣೆಗೆ ನಿಲ್ಲಿಸುತ್ತದೆ. ಅಂಥ ಶಿಸ್ತಿನಲ್ಲಿ ಬದುಕಿ ಸತ್ತವನ ಹೆಸರಿನಲ್ಲಿ ಶಿಸ್ತೇ ಇಲ್ಲದ ಏಟು ಕೊಡುವುದು ಗೌರವವೇ ಎಂಬುದು ಕಾಕಾ ಕೇಳಿದ ಪ್ರಶ್ನೆ.

2017ರ ಏಪ್ರಿಲ್‌ನಲ್ಲಿ ಶ್ರೀನಗರ ಲೋಕಸಭಾ ಕ್ಷೇತ್ರದ ಉಪಚುನಾವಣೆಯ ಕೆಲಸ ಮುಗಿಸಿ ಹೊರಟಿದ್ದ ಸಿ.ಆರ್.ಪಿ.ಎಫ್. ಜವಾನರ ಒಂದು ವಿಡಿಯೊ ದೇಶವೆಲ್ಲ ಹರಡಿತ್ತು. ಯುವಕರು ಅವರನ್ನು ಸುತ್ತುವರಿದು ಬೈಯುತ್ತಾರೆ, ತಳ್ಳುತ್ತಾರೆ, ಒಬ್ಬ ಒದೆಯುತ್ತಾನೆ. ಜವಾನರ ಹೆಗಲಲ್ಲಿ ಬಂದೂಕುಗಳಿವೆ. ಅವರು ನಡೆಯುತ್ತಲೇ ಹೋಗುತ್ತಾರೆ. ಆ ವಿಡಿಯೊ ನೋಡಿ ಕೆಲವರಿಗೆ ರಕ್ತ ಕುದಿಯಿತು, ನನಗೂ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಆದರೆ ಆ ಪಡೆಯ ಮೇಲಧಿಕಾರಿಗಳು ಮೆಚ್ಚಿದ್ದು ಜವಾನರ ಸಂಯಮವನ್ನು. ಎರಡು ವರ್ಷದ ಒಳಗೆ ಅದೇ ಪಡೆ ಪುಲ್ವಾಮಾದಲ್ಲಿ ತನ್ನ 40 ಮಂದಿಯನ್ನು ಕಳೆದುಕೊಂಡಿತು. ಬೇರೆ ಬೇರೆ ಊರುಗಳಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳಿಗೆ ಬೆದರಿಕೆ, ಹಲ್ಲೆಗಳು ಶುರುವಾದಾಗ, ಪಡೆ ತನ್ನ "ಮದದ್‌ಗಾರ್" ಸಹಾಯವಾಣಿ 14411ಕ್ಕೆ ಕರೆ ಮಾಡಿ ಎಂದು ಆ ವಿದ್ಯಾರ್ಥಿಗಳಿಗೆ ತಿಳಿಸಿತು; ಶವಪೆಟ್ಟಿಗೆಗಳು ಊರು ಸೇರುತ್ತಿದ್ದ ದಿನಗಳಲ್ಲೇ. ಫೆಬ್ರುವರಿ 22ರಂದು ಸುಪ್ರೀಂ ಕೋರ್ಟ್ ಕೂಡ ಅಂಥ ಹಲ್ಲೆ, ಬಹಿಷ್ಕಾರಗಳನ್ನು ತಡೆಯುವಂತೆ ಹಲವು ರಾಜ್ಯಗಳಿಗೆ ಸೂಚಿಸಿತು. ಸತ್ತವರ ಪರವಾಗಿ ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ಅವರ ಜತೆ ಒಂದೇ ಬ್ಯಾರಕಿನಲ್ಲಿ ಮಲಗಿದವರಿಗೆ ಇರಬೇಕು. ಅವರು ಸಹಾಯವಾಣಿಯ ಸಂಖ್ಯೆ ಕೊಟ್ಟರು.

ಮನೆಯವರ ಮಾತೂ ಇದಕ್ಕೆ ದೂರವಿಲ್ಲ. ಮದುವೆಯಾದ ಕೆಲವೇ ದಿನಗಳಲ್ಲಿ ಪಹಲ್ಗಾಮ್‌ನಲ್ಲಿ ನೌಕಾಪಡೆಯ ಲೆಫ್ಟಿನೆಂಟ್ ವಿನಯ್ ನರ್ವಾಲ್ ಅವರನ್ನು ಕಳೆದುಕೊಂಡ ಹಿಮಾಂಶಿ ನರ್ವಾಲ್, ಗಂಡನ ಹುಟ್ಟುಹಬ್ಬದಂದು ಕರ್ನಾಲ್‌ನಲ್ಲಿ ನಡೆದ ರಕ್ತದಾನ ಶಿಬಿರದಲ್ಲಿ, ಜನ ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ತಿರುಗಿಬೀಳುವುದು ನಮಗೆ ಬೇಡ, ನಮಗೆ ಬೇಕಿರುವುದು ಶಾಂತಿ ಮತ್ತು ನ್ಯಾಯ ಎಂದರು. ಆಮೇಲೆ ಅವರ ಮೇಲೆ ನಡೆದ ನಿಂದನೆಯ ಸುರಿಮಳೆಯನ್ನು ರಾಷ್ಟ್ರೀಯ ಮಹಿಳಾ ಆಯೋಗವೇ ಖಂಡಿಸಬೇಕಾಯಿತು. ಹುತಾತ್ಮರನ್ನು ಅವಮಾನಿಸಿದವರಿಗೆ ಬುದ್ಧಿ ಕಲಿಸುತ್ತೇವೆ ಎನ್ನುವವರು ಆ ವಾರ ಎಲ್ಲಿದ್ದರು ಎಂದು ನಾನು ನನ್ನ ಸ್ನೇಹಿತರನ್ನು ಕೇಳಿದ್ದೇನೆ. ಬೈದವರಲ್ಲಿ ಅವರೇ ಹಲವರಿದ್ದರು ಎಂಬುದು ಎಲ್ಲರಿಗೂ ಗೊತ್ತಿರುವ ಉತ್ತರ.

ಕೈ ಎತ್ತದೆ ಸುಮ್ಮನಿರಿ ಎನ್ನುವುದು ನನ್ನ ವಾದವಲ್ಲ. ಸಿಯಾಚಿನ್‌ನಲ್ಲಿ 2023ರ ಜುಲೈನಲ್ಲಿ ಬೆಂಕಿಯಿಂದ ಜೊತೆಗಾರರನ್ನು ಉಳಿಸಲು ಹೋಗಿ ಸತ್ತ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಅವರ ಪತ್ನಿ ಮರುವರ್ಷ ಕೀರ್ತಿಚಕ್ರ ಸ್ವೀಕರಿಸಿದ ಚಿತ್ರದ ಕೆಳಗೆ ಯಾರೋ ಅಶ್ಲೀಲವಾಗಿ ಬರೆದಾಗ ಮಹಿಳಾ ಆಯೋಗ ದೂರು ಕೊಟ್ಟಿತು, ದೆಹಲಿ ಪೊಲೀಸರು ಪ್ರಕರಣ ದಾಖಲಿಸಿದರು. ಕಾನೂನಿನ ದಾರಿ ನಿಧಾನ, ಅನೇಕ ಸಲ ಅದು ಸೋಲಿಸುತ್ತದೆ ಕೂಡ. ಅದು ಹೇಗೆ ಸೋಲಿಸುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣಕ್ಕಿಂತ ಕಹಿಯಾದದ್ದು ನನಗೆ ಗೊತ್ತಿಲ್ಲ. 2006ರಲ್ಲಿ ಇರಾಕ್‌ನಲ್ಲಿ ಸತ್ತ ಮ್ಯಾಥ್ಯೂ ಸ್ನೈಡರ್ ಎಂಬ ಸೈನಿಕನ ಅಂತ್ಯಕ್ರಿಯೆಯ ಹೊತ್ತಿನಲ್ಲಿ ವೆಸ್ಟ್‌ಬರೋ ಎಂಬ ಸಣ್ಣ ಚರ್ಚಿನವರು "ಸತ್ತ ಸೈನಿಕರಿಗಾಗಿ ದೇವರಿಗೆ ಧನ್ಯವಾದ" ಎಂಬ ಫಲಕ ಹಿಡಿದು ನಿಂತರು. ತಂದೆ ಆಲ್ಬರ್ಟ್ ಸ್ನೈಡರ್ ಹೊಡೆಯಲಿಲ್ಲ, ದಾವೆ ಹೂಡಿದರು. ಜ್ಯೂರಿ ಅವರಿಗೆ ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ ಕೊಟ್ಟಿತು, ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು, ಎದುರಾಳಿಗಳ ನ್ಯಾಯಾಲಯದ ಖರ್ಚು 16,000 ಡಾಲರಿಗೂ ಹೆಚ್ಚನ್ನು ಅವರೇ ಕಟ್ಟಬೇಕೆಂಬ ಆದೇಶವೂ ಬಂತು. 2011ರ ಮಾರ್ಚ್ 2ರಂದು ಅಲ್ಲಿನ ಸುಪ್ರೀಂ ಕೋರ್ಟ್ 8-1ರ ಬಹುಮತದಿಂದ ಆ ಫಲಕ ಹಿಡಿಯುವ ಹಕ್ಕನ್ನು ಎತ್ತಿಹಿಡಿಯಿತು. ನಮ್ಮ ಕಾನೂನು ಇಲ್ಲಿ ಅಷ್ಟು ದೂರ ಹೋಗುವುದಿಲ್ಲ, ಹೋಗದಿರುವುದೇ ಲೇಸು ಎಂದು ನನ್ನ ಅಭಿಪ್ರಾಯ.

ಆದರೆ ಆ ದೇಶದ ಸಾಮಾನ್ಯ ಜನ ಆ ಫಲಕಗಳಿಗೆ ಕಂಡುಕೊಂಡ ಉತ್ತರ ನನಗೆ ಕೋರ್ಟಿನ ತೀರ್ಪಿಗಿಂತ ಹೆಚ್ಚು ಇಷ್ಟ. 2005ರಲ್ಲಿ ಕೆಲವು ಬೈಕ್ ಸವಾರರು, ಅವರಲ್ಲಿ ಬಹಳಷ್ಟು ಮಂದಿ ಮಾಜಿ ಸೈನಿಕರು, ಪೇಟ್ರಿಯಟ್ ಗಾರ್ಡ್ ರೈಡರ್ಸ್ ಎಂಬ ತಂಡ ಕಟ್ಟಿದರು. ಮನೆಯವರು ಕರೆದರೆ ಮಾತ್ರ ಅಂತ್ಯಕ್ರಿಯೆಗೆ ಹೋಗುವುದು, ಫಲಕ ಹಿಡಿದವರಿಗೂ ಮನೆಯವರಿಗೂ ನಡುವೆ ದೊಡ್ಡ ದೊಡ್ಡ ಬಾವುಟಗಳನ್ನು ಹಿಡಿದು ಸಾಲಾಗಿ ನಿಲ್ಲುವುದು, ಕೂಗಾಟ ಜೋರಾದರೆ ಬೈಕಿನ ಇಂಜಿನ್ ಸದ್ದು ಮಾಡಿ ಅದು ಕೇಳದಂತೆ ಮಾಡುವುದು, ಯಾರ ಮೈಯನ್ನೂ ಮುಟ್ಟದಿರುವುದು. ಕರೆದರೆ ಮಾತ್ರ ಎಂಬುದು ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಅಂಶ. ನಮ್ಮಲ್ಲೂ ಬೈಕುಗಳಿಗೆ, ಬಾವುಟಗಳಿಗೆ, ಸೈಲೆನ್ಸರ್ ಕಿತ್ತ ಹುಡುಗರಿಗೆ ಕೊರತೆಯೇನಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸಂದರ್ಭ ನನ್ನನ್ನು ಬಿಡುವುದಿಲ್ಲ. ಸ್ನೇಹಿತರು ವಾದದ ಕೊನೆಗೆ ಅದನ್ನೇ ಮುಂದಿಡುತ್ತಾರೆ. ಮಗನ ಪೆಟ್ಟಿಗೆ ಮನೆಯಂಗಳದಲ್ಲಿದೆ. ಊರು ನೆರೆದಿದೆ. ಗುಂಪಿನಲ್ಲಿದ್ದ ಒಬ್ಬ, ತಂದೆಯ ಕಿವಿಗೆ ಬೀಳುವಂತೆ, "ರೊಕ್ಕ ಎಷ್ಟ್ ಬರ್ತತಂತೆ" ಎಂದು ಕೇಳಿ ನಗುತ್ತಾನೆ. ತಂದೆ ಎದ್ದು ಅವನ ಮುಖಕ್ಕೆ ಹೊಡೆಯುತ್ತಾನೆ. ಇಲ್ಲಿ ಮಾತು ಆಡಿದವನೂ ಎದುರಿಗಿದ್ದಾನೆ, ಕೇಳಿದವನೂ ಎದುರಿಗಿದ್ದಾನೆ, ನೋವಿನ ವಾರಸುದಾರನೂ ಅವನೇ, ನಡುವೆ ಒಂದು ನಿಮಿಷವೂ ಕಳೆದಿಲ್ಲ. ಇದನ್ನೂ ತಪ್ಪು ಎನ್ನುತ್ತೀಯಾ ಎಂದು ಕೇಳುತ್ತಾರೆ. ತಪ್ಪು ಎನ್ನುತ್ತೇನೆ, ಯಾಕೆಂದರೆ ಅಲ್ಲಿ ಸರಿ ಎಂದರೆ ಮುಂದಿನ ಊರಿನಲ್ಲಿ ತಂದೆಯಲ್ಲದವನು ತಂದೆಯ ಹೆಸರು ಹೇಳಿಕೊಂಡು ಕೈ ಎತ್ತುತ್ತಾನೆ, ಅವನ ಹಿಂದೆ ಹತ್ತು ಜನ ಬರುತ್ತಾರೆ. ಆದರೆ ಆ ತಂದೆಯ ಮೇಲೆ ಯಾರಾದರೂ ದೂರು ಕೊಟ್ಟರೆ ಅದು ಪ್ರಚೋದನೆಯ ಕಲಮಿನ ಅಡಿಯಲ್ಲೇ ದಾಖಲಾಗಲಿ, ನಕ್ಕವನ ಮೇಲೆ 352ನೇ ಕಲಮಿನ ಪ್ರಕರಣವೂ ಅದೇ ದಿನ ದಾಖಲಾಗಲಿ ಎಂದು ಠಾಣೆಗೆ ಹೋಗಿ ಸಾಕ್ಷಿ ಹೇಳುವವರಲ್ಲಿ ನಾನೂ ಇರುತ್ತೇನೆ. ನ್ಯಾಯಾಧೀಶರು ಆ ತಂದೆಗೆ ದಂಡ ಹಾಕಿದರೆ ಊರಿನವರು ಚಂದಾ ಎತ್ತಿ ಕಟ್ಟುತ್ತಾರೆ, ನನ್ನ ಪಾಲನ್ನೂ ಕೊಡುತ್ತೇನೆ. ಹಾಗಾದರೆ ಹೊಡೆದದ್ದು ಸರಿ ಎಂದಂತಾಯಿತಲ್ಲ ಎಂದು ಸ್ನೇಹಿತರು ನಗುತ್ತಾರೆ. ಸರಿಯಾಗಿದ್ದರೆ ದಂಡ ಯಾಕೆ ಕಟ್ಟಬೇಕಿತ್ತು ಎಂದು ನಾನು ಕೇಳುತ್ತೇನೆ. ಅಲ್ಲಿಂದ ಮುಂದಕ್ಕೆ ನಮ್ಮ ವಾದ ಹೋಗಿಲ್ಲ.